ಯಜಮಾನಿ ಯಾವ ಕಾಗದದಲ್ಲಿ?

2023ರಲ್ಲಿ ಕೊಬ್ಬರಿ ಬೆಲೆ ಕುಸಿದಾಗ ನಮ್ಮ ತೆಂಗಿನ ಸೀಮೆಯ ಬೆಳೆಗಾರರು ಬೀದಿಗಿಳಿದರು. ನ್ಯಾಯವಾದ ಸಿಟ್ಟೇ ಅದು. ಉಂಡೆ ಕೊಬ್ಬರಿಗೆ ಆ ವರ್ಷ ಕೇಂದ್ರ ಗೊತ್ತುಮಾಡಿದ್ದ ಬೆಂಬಲ ಬೆಲೆ ಕ್ವಿಂಟಲಿಗೆ 11,750 ರೂಪಾಯಿ, ಮರುವರ್ಷ 12,000. ಇದನ್ನು ಯಾರೂ ಬಿಟ್ಟಿ ದುಡ್ಡು ಅನ್ನಲಿಲ್ಲ. 2023ರ ಆಗಸ್ಟ್ 30ರಂದೇ ಮೈಸೂರಿನಲ್ಲಿ ರಾಜ್ಯದ ಗೃಹಲಕ್ಷ್ಮಿ ಯೋಜನೆಗೆ ಚಾಲನೆ ಸಿಕ್ಕಿತು. ಮನೆಯ ಯಜಮಾನಿಗೆ ತಿಂಗಳಿಗೆ 2,000 ರೂಪಾಯಿ. ನಮ್ಮ ಹುಳಿಯಾರಿನ ಟೀ ಅಂಗಡಿ ಬೆಂಚಿನ ಮಾತೇ ಬೇರೆಯಾಯಿತು: “ಬಿಟ್ಟಿ ದುಡ್ಡು ಕೊಟ್ಟು ಹೆಂಗಸ್ರನ್ನ ಹಾಳು ಮಾಡ್ತಾವ್ರೆ ಕಣಣ್ಣ.”

ಒಂದು ಕೇಂದ್ರದ್ದು, ಇನ್ನೊಂದು ರಾಜ್ಯದ್ದು; ಎರಡರ ಹಿಂದೆಯೂ ಇರುವುದು ಜನರ ತೆರಿಗೆ ಹಣವೇ ತಾನೆ? ಒಂದು ಹಕ್ಕು, ಇನ್ನೊಂದು ದಾನ ಆದದ್ದು ಹೇಗೆ?

ಅಮೆರಿಕದ ಇತಿಹಾಸಕಾರ್ತಿ ಲಿಂಡಾ ಗಾರ್ಡನ್ 1994ರಲ್ಲಿ ಪ್ರಕಟಿಸಿದ ಪುಸ್ತಕವೊಂದರಲ್ಲಿ ಒಂಟಿ ತಾಯಂದಿರಿಗೆ ಸಿಕ್ಕ ಸರ್ಕಾರಿ ನೆರವಿನ ಚರಿತ್ರೆಯನ್ನು ಕೆದಕಿದರು. ಅಲ್ಲಿನ 1935ರ ಸಾಮಾಜಿಕ ಭದ್ರತಾ ಕಾಯ್ದೆ ಸಂಬಳಗಾರನ ಪಿಂಚಣಿಯನ್ನು ದುಡಿದು ಗಳಿಸಿದ ಹಕ್ಕಾಗಿಸಿತು. ಗಂಡನಿಲ್ಲದ ತಾಯಿಗೆ ಕೊಟ್ಟದ್ದು ಮಾತ್ರ ಅವಳ ಬಡತನ, ನಡತೆ ಎರಡನ್ನೂ ವಿಚಾರಿಸಿ ಕೊಡುವ ಧರ್ಮವಾಯಿತು. ಹೊಲಗೆಲಸ, ಮನೆಗೆಲಸದವರು ಆ ಪಿಂಚಣಿಯಿಂದ ಹೊರಗೇ ಉಳಿದರು. ದುಡಿಮೆ ಯಾವುದು ಎಂದು ತೀರ್ಮಾನಿಸಿದವರೇ ಹಕ್ಕು ಯಾರದು ಎಂದೂ ತೀರ್ಮಾನಿಸಿದ್ದರು.

ನಮ್ಮಲ್ಲಿ ಆ ತೀರ್ಮಾನ ಪಹಣಿಯಲ್ಲಿದೆ. ಬಿದ್ದ ಕಾಯಿ ಆಯುವುದು, ಗುಡ್ಡೆ ಹಾಕುವುದು, ಅಟ್ಟದಲ್ಲಿ ವರ್ಷ ಹತ್ತಿರ ಒಣಗಿದ ಕಾಯಿಯ ಚಿಪ್ಪನ್ನು ಒಳಗಿನ ಉಂಡೆ ಚೂರಾಗದಂತೆ ಬಿಡಿಸುವುದು, ಎಲ್ಲದರಲ್ಲೂ ಹೆಂಗಸರ ಕೈ ಇದೆ. ಚೂರಾದರೆ ರೇಟು ಬಿತ್ತು. ಬೆಂಬಲ ಬೆಲೆಗೆ ಕೊಬ್ಬರಿ ಕೊಳ್ಳುವ ನಾಫೆಡ್‌ನ ನೋಂದಣಿ ಸಾಲಿನಲ್ಲಿ ಮಾತ್ರ ಕೇಳುವುದು ಪಹಣಿ. ಹೆಣ್ಣಿನ ಹೆಸರು ಅಲ್ಲಿಗೆ ಬರುವುದು ಸಾಮಾನ್ಯವಾಗಿ ಗಂಡ ತೀರಿಕೊಂಡು ಪೌತಿ ಖಾತೆಯಾದ ಮೇಲೆ.

ಅವಳು ಯಜಮಾನಿಯಾಗಿರುವುದು ಪಡಿತರ ಚೀಟಿಯಲ್ಲಿ. 2013ರ ಆಹಾರ ಭದ್ರತಾ ಕಾಯ್ದೆ ಮನೆಯ ಹಿರಿಯ ಹೆಂಗಸನ್ನೇ ಕುಟುಂಬದ ಮುಖ್ಯಸ್ಥೆ ಎಂದು ಬರೆಯಿಸಿತು. ಗೃಹಲಕ್ಷ್ಮಿ ಹಿಡಿದದ್ದು ಆ ಹೆಸರನ್ನೇ. ಅಕ್ಕಿಗೆ ಯಜಮಾನಿ, ತೋಟಕ್ಕೆ ಯಾರೂ ಅಲ್ಲ. ಹಾಗಾಗಿ ಕೊಬ್ಬರಿ ದುಡ್ಡು ಅವನ ದುಡಿಮೆ, ಎರಡು ಸಾವಿರ ಅವಳಿಗೆ ಯಾರೋ ಕೊಟ್ಟದ್ದು. ಅವಳ ಬೆವರು ಎರಡು ಕಡೆಯೂ ಲೆಕ್ಕಕ್ಕಿಲ್ಲ. ಗೃಹಲಕ್ಷ್ಮಿಯ ಲೋಪಗಳ ಬಗ್ಗೆ ಬೇಕಾದಷ್ಟು ಮಾತಾಡೋಣ. ಆ ಬೆವರು ಯಾಕೆ ಲೆಕ್ಕಕ್ಕಿಲ್ಲ ಎಂಬ ಮಾತಿಗೆ ಉತ್ತರ ಸಿಕ್ಕ ಮೇಲೆ.

ಅವಳ ಹೆಸರು ಪಹಣಿಗೆ ಬರಲು ಕಾನೂನು ಇಲ್ಲವೆಂದಲ್ಲ. ಮೈಸೂರು ಸಂಸ್ಥಾನ 1933ರಲ್ಲೇ ಹಿಂದೂ ಹೆಂಗಸರ ಆಸ್ತಿ ಹಕ್ಕಿಗೆ ಕಾಯ್ದೆ ಮಾಡಿತ್ತು. ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಸಮಪಾಲು ಎಂದು ಕರ್ನಾಟಕ ತಿದ್ದುಪಡಿ ತಂದದ್ದು 1994ರಲ್ಲಿ. ಅಕ್ಕತಂಗಿಯರನ್ನು ಹಬ್ಬಕ್ಕೆ ಕರೆದು ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿಸಿಕೊಳ್ಳುವ ಅಣ್ಣತಮ್ಮಂದಿರು, ಸಹಿಗೆ ಮುಂಚೆ ಆ ಕಾಗದವನ್ನೊಮ್ಮೆ ಅವರಿಗೆ ಗಟ್ಟಿಯಾಗಿ ಓದಿ ಹೇಳಲಿ.