ಪ್ರಾಚೀನತೆಯೂ ನೈಜತೆಯೂ

ಒಂದು ವಸ್ತುವಿನ ಅಂಗಗಳು ಒಂದೊಂದಾಗಿ ಬದಲಾದ ಮೇಲೂ ಅದನ್ನು ಅದೇ ವಸ್ತುವೆನ್ನಬಹುದೇ ಎಂಬ ಪ್ರಶ್ನೆಯು ಬಹು ಪುರಾತನವಾದುದು. ಪಾಲಿ ಭಾಷೆಯ ‘ಮಿಲಿಂದಪ್ರಶ್ನ’ದಲ್ಲಿ ನಾಗಸೇನ ಭಿಕ್ಷುವು, ಗಾಲಿಯು ರಥವೇ, ಅಚ್ಚು ರಥವೇ ಎಂದು ಅರಸನನ್ನು ಕೇಳುತ್ತಾನೆ. ಥೀಸಿಯಸನ ಹಡಗಿನ ಹಲಗೆಗಳನ್ನು ಕುರಿತು ತತ್ತ್ವಜ್ಞರು ಇಂತಹದೇ ವಾದವನ್ನು ನಡೆಸಿದರೆಂದು ಗ್ರೀಕ್ ಲೇಖಕನಾದ ಪ್ಲೂಟಾರ್ಕನು ಬರೆದಿದ್ದಾನೆ. ಪಂಡಿತರಿಗೆ ಇದು ತರ್ಕವಿನೋದವಾದರೂ, ಹಳೆಯ ವಾದ್ಯಗಳನ್ನು ಕೊಂಡು ಮಾರುವವರಿಗೆ ಧರ್ಮಾಧರ್ಮಗಳ ಪ್ರಶ್ನೆಯಾಗಿದೆ.

ಪಾಶ್ಚಾತ್ಯರ ಸ್ನೇರ್ ಡ್ರಮ್ಮನ್ನೇ ನಿದರ್ಶನಕ್ಕೆ ತೆಗೆದುಕೊಳ್ಳಬಹುದು. ಮರದ ಇಲ್ಲವೆ ಲೋಹದ ದುಂಡಾದ ಒಡಲು, ಎರಡು ಮುಖಗಳ ಹೊದಿಕೆ, ಅವನ್ನು ಬಿಗಿಯುವ ಬಳೆಗಳು ಮತ್ತು ತಿರುಪುಗಳು, ಕೆಳಮುಖಕ್ಕೆ ತಾಗಿ ಝರಝರನೆ ನುಡಿಯುವ ತಂತಿಗಳು, ತಯಾರಕರ ಹೆಸರಿನ ಬಿಲ್ಲೆ, ಇವು ಅದರ ಮುಖ್ಯ ಅಂಗಗಳು. ವಯಸ್ಸನ್ನು ನಿರ್ಣಯಿಸುವಾಗ ಮೊದಲು ಕಣ್ಣು ಹೋಗುವುದು ಬಿಲ್ಲೆಯ ಕಡೆಗೆ. ಷಿಕಾಗೋ ನಗರದಲ್ಲಿ 1909ರಲ್ಲಿ ಲುಡ್ವಿಗ್ ಸೋದರರು ಸ್ಥಾಪಿಸಿದ ಸಂಸ್ಥೆಯು ಪರರ ವಶವಾದ ತರುವಾಯ, ಸೋದರರಲ್ಲೊಬ್ಬನಾದ ವಿಲಿಯಂ ಎಫ್. ಲುಡ್ವಿಗ್ಗನು 1937ರಲ್ಲಿ ಬೇರೊಂದು ಸಂಸ್ಥೆಯನ್ನು ತೆರೆದನು. ಕುಟುಂಬದ ಹೆಸರು ಮರಳಿ ಕೈಸೇರಿದುದು 1955ರಲ್ಲಿ. ಆದುದರಿಂದ ‘ಡಬ್ಲ್ಯು. ಎಫ್. ಎಲ್.’ ಎಂಬ ಅಕ್ಷರಗಳುಳ್ಳ ಬಿಲ್ಲೆಯು 1937ಕ್ಕೆ ಹಿಂದಿನದಾಗಲಾರದು. ಆದರೆ ಬಿಲ್ಲೆಯ ವಯಸ್ಸೇ ಒಡಲಿನ ವಯಸ್ಸೆಂದು ಹೇಳಲು ಬಾರದು. ಅದನ್ನು ಕಿತ್ತು ಬೇರೆಡೆ ಕೂರಿಸಬಹುದು. 1963-64ರ ಸುಮಾರಿಗೆ ಬಂದ ಕ್ರಮಸಂಖ್ಯೆಗಳೂ ಪೂರ್ಣ ಪ್ರಮಾಣವಲ್ಲ. ಕೆಲಸಗಾರರು ಅನುಕ್ರಮವನ್ನು ನೋಡದೆ ರಾಶಿಯಿಂದ ಬಿಲ್ಲೆಗಳನ್ನು ತೆಗೆದು ಕೂರಿಸುತ್ತಿದ್ದರು. ಹೀಗಿರುವಲ್ಲಿ ಪರೀಕ್ಷಕನು ಒಡಲೊಳಗಿನ ತಾರೀಖಿನ ಮುದ್ರೆ, ಉಪಯೋಗವಿಲ್ಲದ ರಂಧ್ರ, ಕಳಚಿದ ಅಂಗದಡಿಯಲ್ಲಿ ಬಣ್ಣ ಮಾಸದೆ ಉಳಿದ ಗುರುತು, ಇವನ್ನೆಲ್ಲ ಸಾಕ್ಷಿಗಳಂತೆ ಒಂದಕ್ಕೊಂದು ತಾಳೆನೋಡಬೇಕು.

ಮುಖದ ಹೊದಿಕೆಯ ವಿಷಯ ಬೇರೆ. 1957ರ ಸುಮಾರಿಗೆ ಪಾಲಿಯೆಸ್ಟರ್ ಹೊದಿಕೆಯು ಮಾರಾಟಕ್ಕೆ ಬರುವವರೆಗೆ ಸಾಮಾನ್ಯವಾಗಿ ಕರುವಿನ ಚರ್ಮವನ್ನೇ ಬಿಗಿಯುತ್ತಿದ್ದರು. ನುಡಿಸಿದಷ್ಟೂ ಅದು ಸವೆಯುವುದು. ಹಳೆಯ ಡ್ರಮ್ಮಿನಲ್ಲಿ ಮೊದಲ ಚರ್ಮವೇ ಉಳಿದಿದ್ದರೆ, ಅದನ್ನು ಯಾರೂ ಹೆಚ್ಚಾಗಿ ನುಡಿಸಲಿಲ್ಲವೆಂದು ಊಹಿಸಬೇಕು. ವಾದ್ಯವು ತನ್ನ ಕಾರ್ಯವನ್ನು ಮಾಡಿದುದಕ್ಕೆ ಬದಲಾದ ಹೊದಿಕೆಯೇ ಗುರುತು. ಅದನ್ನು ದೋಷವೆಂದೆಣಿಸುವುದು ಅನ್ಯಾಯ.

ಕಠಿನವಾದ ಪ್ರಶ್ನೆ ಇನ್ನೊಂದುಂಟು. ಒಂದೇ ವರ್ಷದ ಮೂರು ಮುರುಕು ಡ್ರಮ್ಮುಗಳಿಂದ ಒಳ್ಳೆಯ ಅಂಗಗಳನ್ನಾಯ್ದು ಒಬ್ಬನು ಒಂದನ್ನು ಜೋಡಿಸಿದನೆನ್ನೋಣ. ಪ್ರತಿಯೊಂದು ತಿರುಪೂ ಹಳೆಯದೇ. “ಎಲ್ಲವೂ ಆ ಕಾಲದ್ದು” ಎಂದು ಅವನು ಮಾರಿದರೆ ಆಡಿದುದು ಸುಳ್ಳಲ್ಲ; ಆದರೂ ಕೊಂಡವನು ಮೋಸಹೋಗುವನು. ಏಕೆಂದರೆ ಪ್ರಾಚೀನತೆಯು ಬಿಡಿ ಅಂಗಕ್ಕೂ ಇರುವ ಗುಣ. ನೈಜತೆಯಾದರೋ ಆ ಅಂಗಗಳು ಮೊದಲಿನಿಂದಲೂ ಕೂಡಿ ಬಾಳಿದುವೆಂಬ ಚರಿತ್ರೆ. ಕೊಳ್ಳುವವನು ಹೆಚ್ಚಿನ ಬೆಲೆಯನ್ನು ತೆರುವುದು ಆ ಚರಿತ್ರೆಗಾಗಿ. ಇಲ್ಲದ ಚರಿತ್ರೆಯನ್ನು ಉಂಟೆಂದು ನಂಬಗೊಡುವುದು, ಒಂದು ಸುಳ್ಳನ್ನೂ ಆಡದೆ ಮಾಡುವ ವಂಚನೆ.

ಹಾಗೆಂದು ಜೋಡಿಸಿದವನ ಕೆಲಸವು ಹೀನವಲ್ಲ. ಮೂಕವಾಗಿದ್ದ ವಾದ್ಯಕ್ಕೆ ಅವನು ಮರಳಿ ದನಿಯನ್ನು ಕೊಟ್ಟಿದ್ದಾನೆ. ಯಾವ ಅಂಗವು ಎಲ್ಲಿಂದ ಬಂದಿತೆಂದು ಚೀಟಿಯಲ್ಲಿ ಬರೆದು ವಾದ್ಯದೊಡನೆ ಕೊಟ್ಟರೆ ಬೆಲೆ ಕೊಂಚ ತಗ್ಗಬಹುದು. ಆ ತಗ್ಗಿದ ಬೆಲೆಯೇ ಅದರ ನ್ಯಾಯವಾದ ಬೆಲೆ.