ವೈದ್ಯರನ್ನು ವೈದ್ಯರೇ ತೂಗಬಹುದೇ?

ಸೊಲ್ಲಾಪುರವು ಡಾ. ದ್ವಾರಕಾನಾಥ ಕೋಟ್ನೀಸರು ಹುಟ್ಟಿದ ಊರು. 1938ರಲ್ಲಿ ಚೀನಾಕ್ಕೆ ತೆರಳಿ, ಗಾಯಾಳುಗಳ ಸೇವೆಯಲ್ಲಿ ತೊಡಗಿದ್ದಾಗಲೇ 1942ರಲ್ಲಿ ತೀರಿಕೊಂಡ ಆ ಮಹನೀಯರ ಊರಿನವರಾದ ನಮಗೆ ವೈದ್ಯವೃತ್ತಿಯ ಮೇಲೆ ಗೌರವವಿರುವುದು ಸಹಜ. ಆದರೆ ಗೌರವವು ಪ್ರಶ್ನೆಯನ್ನು ನುಂಗಬಾರದು. ಚಿಕಿತ್ಸೆಯಲ್ಲಿ ಅಲಕ್ಷ್ಯವಾಯಿತೆಂದು ನೊಂದವರು ಯಾರ ಬಾಗಿಲಿಗೆ ಹೋಗಬೇಕು?

ವೈದ್ಯರ ಹೆಸರು ನೋಂದಣಿಯಾದ ರಾಜ್ಯದ ವೈದ್ಯಕೀಯ ಪರಿಷತ್ತಿಗೆ. ಅಕ್ಕಲಕೋಟೆಯ ರೋಗಿಯು ಇಲ್ಲಿಯ ವಿಜಾಪುರ ರಸ್ತೆಯಲ್ಲಿ ಚಿಕಿತ್ಸೆ ಪಡೆದರೆ ದೂರು ಸಾಮಾನ್ಯವಾಗಿ ಮುಂಬಯಿಗೆ; ಅದೇ ರಸ್ತೆ ಹಿಡಿದು ವಿಜಾಪುರಕ್ಕೆ ಹೋಗಿ ಪಡೆದರೆ ಬೆಂಗಳೂರಿಗೆ. ಪರಿಷತ್ತು ಎಚ್ಚರಿಕೆ ನೀಡಬಹುದು, ವೈದ್ಯರ ಹೆಸರನ್ನು ಕೆಲಕಾಲ ಅಥವಾ ಶಾಶ್ವತವಾಗಿ ಪಟ್ಟಿಯಿಂದ ತೆಗೆಯಬಹುದು, ಪರಿಹಾರಧನ ಕೊಡಿಸಲಾರದು. ಅದಕ್ಕೆ ಗ್ರಾಹಕ ನ್ಯಾಯಾಲಯದ ದಾರಿಯುಂಟೆಂದು 1995ರಲ್ಲಿ ಸರ್ವೋಚ್ಚ ನ್ಯಾಯಾಲಯ ಸ್ಪಷ್ಟಪಡಿಸಿತು. ಕೇಳಿದ 72 ಗಂಟೆಗಳೊಳಗೆ ರೋಗಿಗೆ ದಾಖಲೆ ಕೊಡಬೇಕು, ದೂರನ್ನು 6 ತಿಂಗಳೊಳಗೆ ತೀರ್ಮಾನಿಸಬೇಕು ಎಂಬುದು 2002ರ ನಿಯಮ.

ಪರಿಷತ್ತಿನಲ್ಲಿ ಕುಳಿತವರು ಬಹುತೇಕ ವೈದ್ಯರೇ. ತಮ್ಮವರ ತಪ್ಪನ್ನು ತಾವೇ ತೂಗುವುದು ನ್ಯಾಯವೇ ಎಂದು ಕೇಳುವವರುಂಟು. ಆದರೆ ರೋಗದ ಗತಿ ಯಾವುದು, ವೈದ್ಯರ ಅಲಕ್ಷ್ಯ ಯಾವುದು ಎಂಬುದನ್ನು ಶಾಸ್ತ್ರ ತಿಳಿಯದವರು ಬೇರ್ಪಡಿಸಲಾರರು. ಸಾವೆಲ್ಲವೂ ಅಪರಾಧದ ಫಲವಲ್ಲ. ಸಾರ್ವಜನಿಕ ಪರೀಕ್ಷೆಯ ಉತ್ತರಪತ್ರಿಕೆಗಳನ್ನು ಶಿಕ್ಷಕರೇ ತಿದ್ದುತ್ತಾರೆ, ಆದರೆ ತಮ್ಮ ಶಾಲೆಯವನ್ನಲ್ಲ. ಅಂಕದಲ್ಲಿ ಸಂಶಯವಿದ್ದರೆ ವಿದ್ಯಾರ್ಥಿಯು ಮರುಪರಿಶೀಲನೆ ಕೇಳಬಹುದು. ತಿಳಿವಳಿಕೆ ಬೇಕು, ನಂಟು ಬೇಡ ಎಂಬುದೇ ಅದರ ತತ್ತ್ವ.

ಈ ಒರೆಗಲ್ಲಿಗೆ ಹಚ್ಚಿದರೆ ಒಂದು ಕೊರತೆ ಕಾಣುತ್ತದೆ. 2019ರ ರಾಷ್ಟ್ರೀಯ ವೈದ್ಯಕೀಯ ಆಯೋಗ ಕಾಯ್ದೆಯ 30ನೆಯ ಕಲಮು, ಪರಿಷತ್ತಿನ ನಿರ್ಣಯದ ವಿರುದ್ಧ ಮೇಲ್ಮನವಿ ಸಲ್ಲಿಸುವ ಹಕ್ಕನ್ನು ವೈದ್ಯರಿಗೆ ಹೇಳುತ್ತದೆ, ರೋಗಿಯ ಹೆಸರೆತ್ತುವುದಿಲ್ಲ. ತಕ್ಕಡಿ ಹಿಡಿದವರು ಒಂದು ಕಡೆಯ ಬಂಧುಗಳಾಗಿದ್ದಾಗ, ಮತ್ತೊಮ್ಮೆ ತೂಗಿರೆಂದು ಕೇಳುವ ಹಕ್ಕು ಇನ್ನೊಂದು ಕಡೆಗೇ ಹೆಚ್ಚು ಬೇಕಲ್ಲವೇ?

ಮನೆಯವರನ್ನು ಕಳೆದುಕೊಂಡವರು ಬಯಸುವುದು ಹಗೆಯನ್ನಲ್ಲ, ಉತ್ತರವನ್ನು. ಕಾರಣಸಹಿತವಾದ ನಿರ್ಣಯವು ತಿಳಿಯುವ ಭಾಷೆಯಲ್ಲಿ, ಸಕಾಲಕ್ಕೆ ಕೈಸೇರಿದರೆ, ವೈದ್ಯರು ನಿರ್ದೋಷಿಯೆಂದಿದ್ದರೂ ಅನೇಕರು ಒಪ್ಪಿಯಾರು. ಅಂಥ ನಿರ್ಣಯದಿಂದ ಪ್ರಾಮಾಣಿಕ ವೈದ್ಯರ ಮೇಲಿನ ಅಪವಾದವೂ ತೊಳೆದುಹೋಗುತ್ತದೆ. ಸಂಘದ ಕುಟುಂಬಗಳಲ್ಲಿ ನಮ್ಮದೊಂದು ವಿನಂತಿ: ಕೇಸ್ ಪೇಪರನ್ನು ಜೋಪಾನವಾಗಿಡಿ, ಸಂಶಯವಿದ್ದರೆ ಕೈ ಎತ್ತದೆ ಲಿಖಿತವಾಗಿ ಕೇಳಿ. ಕೇಳುವುದು ಅಗೌರವವಲ್ಲ.