ಉದುರದ ಎಲೆ

‘ಹಣ್ಣೆಲೆ ಉದುರುವಾಗ ಚಿಗುರೆಲೆ ನಕ್ಕಿತಂತೆ’ ಎಂಬ ಗಾದೆಯನ್ನು ವಿಸ್ತರಿಸಿ ಬರೆಯಿರೆಂದು ಎಷ್ಟೋ ವರ್ಷಗಳಿಂದ ಮಕ್ಕಳಿಗೆ ಹೇಳುತ್ತ ಬಂದಿದ್ದೇನೆ. ಅದರಲ್ಲಿ ಹಣ್ಣೆಲೆಯ ಮಾತಿದೆ, ಚಿಗುರಿನ ಮಾತಿದೆ; ಮರದ ಮಾತಿಲ್ಲ. ಇದು ನನಗೆ ಹೊಳೆದದ್ದು ದೂರದ ಅಮೆರಿಕದಲ್ಲಿ.

ಮಗಳ ಬಾಣಂತನಕ್ಕೆಂದು ಶಾಲೆಗೆ ರಜೆ ಹಾಕಿ ನಾನು ಮ್ಯಾಸಚೂಸೆಟ್ಸ್‌ಗೆ ಹೋದದ್ದು ಅಕ್ಟೋಬರಿನಲ್ಲಿ. ಅಲ್ಲಿ ಅದು ಎಲೆ ಉದುರುವ ಕಾಲ. ಮೇಪಲ್ ಮರಗಳು ಅರಿಸಿನ ಕುಂಕುಮ ಚೆಲ್ಲಿಕೊಂಡಂತೆ ನಿಂತಿದ್ದವು. ಪಕ್ಕದ ಮನೆಯ ಹಿರಿಯಾಕೆ ಮಾತ್ರ ಕಿಟಕಿಯ ಬಳಿ ಕುಳಿತು ಉಲ್ಲನ್ನಿನಲ್ಲಿ ಅದೇ ಎಲೆಗಳನ್ನು ಕ್ರೋಶಾ ಹೆಣೆಯುತ್ತಿದ್ದರು. ನವೆಂಬರಿನ ನಾಲ್ಕನೆಯ ಗುರುವಾರ ಬರುವ ಥ್ಯಾಂಕ್ಸ್‌ಗಿವಿಂಗ್ ಹಬ್ಬಕ್ಕೆ ಅವನ್ನು ಪೋಣಿಸಿ ಬಾಗಿಲಿಗೆ ಕಟ್ಟುತ್ತಾರಂತೆ, ನಮ್ಮ ಮಾವಿನ ತೋರಣದ ಹಾಗೆ.

ಅಂಗಳದ ತುಂಬ ನಿಜವಾದ ಎಲೆ ಬಿದ್ದಿರುವಾಗ ನೂಲಿನ ಎಲೆ ಏಕೆ? ಬಾಡುವುದನ್ನು ಒಪ್ಪಿಕೊಳ್ಳಲಾರದ ಮನಸ್ಸಿನ ಹಟವಲ್ಲವೆ ಇದು? ಹೀಗೆಂದುಕೊಂಡೆ. ಆದರೂ ಅಮ್ಮ ಕಲಿಸಿದ ವಿದ್ಯೆ, ಕೈ ಸುಮ್ಮನಿರಲಿಲ್ಲ. ಮಗು ಮಲಗಿದ ಮಧ್ಯಾಹ್ನಗಳಲ್ಲಿ ನಾನೂ ಕಡ್ಡಿ ಹಿಡಿದೆ. ಮೊದಲು ಸರಪಳಿ, ಅದರ ಎರಡೂ ಪಕ್ಕಕ್ಕೆ ಹೆಣೆಯುತ್ತ ಬಂದರೆ ನಡುವಿನ ನರ ತಾನಾಗಿ ಮೂಡುತ್ತದೆ. ಕೊನೆಗೆ ಕಡ್ಡಿಯ ಮೇಲೆ ಉಳಿಯುವುದು ಒಂದೇ ಕುಣಿಕೆ. ನೂಲನ್ನು ಕತ್ತರಿಸಿ ಅದರೊಳಗಿಂದ ಎಳೆದು ಬಿಗಿದರೇ ಎಲೆ ನಿಂತೀತು. ಉಂಡೆಗೇ ಅಂಟಿಕೊಂಡಿದ್ದರೆ ಒಂದು ಎಳೆತಕ್ಕೆ ಎಲ್ಲವೂ ಬಿಚ್ಚಿಹೋಗುತ್ತದೆ.

ಹಿಂದಿನ ರಾತ್ರಿಯಷ್ಟೇ ನಾನು ಮಗಳಿಗೆ, “ಇಷ್ಟು ಓದಿಸಿದ್ದು ನಿನ್ನನ್ನು ದೂರ ಮಾಡಿಕೊಳ್ಳುವುದಕ್ಕೇನೆ?” ಎಂದಿದ್ದೆ. ಹಸಿ ಬಾಣಂತಿ, ಉತ್ತರ ಕೊಡದೆ ಮಗುವನ್ನೆತ್ತಿಕೊಂಡು ಒಳಗೆ ಹೋಗಿದ್ದಳು. ಕತ್ತರಿ ಹಿಡಿದ ನನ್ನ ಕೈ ಒಂದು ಗಳಿಗೆ ನಿಂತಿತು.

ಮರ ಎಲೆಯನ್ನು ಕಳೆದುಕೊಳ್ಳುವುದಿಲ್ಲ, ತಾನಾಗಿ ಬಿಟ್ಟುಕೊಡುತ್ತದೆ. ಹಗಲು ಕುಗ್ಗಿ ಚಳಿ ಏರುತ್ತಿದ್ದಂತೆ ಎಲೆಯ ಸಾರವನ್ನು ಹಿಂದಕ್ಕೆ ಪಡೆದು, ತೊಟ್ಟಿನ ಬುಡದಲ್ಲಿ ಒಂದು ಪದರ ಕಟ್ಟಿಕೊಳ್ಳುತ್ತದೆ. ಆದ್ದರಿಂದಲೇ ಎಲೆ ಕಳಚಿದ ಜಾಗ ಹಸಿ ಗಾಯವಾಗಿ ಉಳಿಯುವುದಿಲ್ಲ. ಹಸಿರು ಹೋದಾಗ ಕಾಣುವ ಹಳದಿಯೂ ಹೊಸದಲ್ಲ. ಮೊದಲಿನಿಂದಲೂ ಒಳಗೇ ಇದ್ದದ್ದು.

ಸಂಜೆ ನೋಡಿದರೆ ಆ ಹಿರಿಯಾಕೆ ಅಂಗಳದ ಎಲೆಗಳನ್ನೆಲ್ಲ ಗುಡಿಸಿ ರಾಶಿ ಹಾಕುತ್ತಿದ್ದರು, ಒಂದನ್ನೂ ಎತ್ತಿಟ್ಟುಕೊಳ್ಳದೆ. ನನ್ನ ಎಣಿಕೆ ತಪ್ಪಾಗಿತ್ತು. ನೆನಪಿಗೆಂದು ಎಲೆಯೊಂದನ್ನು ಹೆಣೆದುಕೊಳ್ಳುವುದು ಮೋಹವಲ್ಲ. ಉದುರಬೇಡವೆಂದು ಎಲೆಯ ತೊಟ್ಟನ್ನೇ ಹಿಡಿದು ನಿಲ್ಲುವುದು ಮೋಹ.

ಊರಿಗೆ ಬಂದಾಗ ಒಂದು ಕೆಂಪು ಎಲೆ ತಂದೆ. ನಮ್ಮ ಶಾಲೆಯಂಗಳದ ಬಾದಾಮಿ ಮರದ ಎಲೆಯೂ ಅಷ್ಟೇ ಕೆಂಪಾಗಿ ಉದುರುತ್ತದೆ. ಇಷ್ಟು ವರ್ಷ ತುಳಿದುಕೊಂಡು ಓಡಾಡಿದ್ದೆ. ಈಗ ಮಗಳು ಫೋನು ಮಾಡಿದರೆ, “ಯಾವಾಗ ಬರುತ್ತೀಯೆ?” ಎಂದು ಕೇಳುವುದಿಲ್ಲ. ಮಗು ಏನು ಮಾಡುತ್ತಿದೆ ಎಂದು ಕೇಳುತ್ತೇನೆ. ಮೊದಲಿನ ಪ್ರಶ್ನೆ ನಾಲಗೆಯ ತುದಿಗೆ ಬರುವುದುಂಟು. ನುಂಗಿಕೊಳ್ಳುವುದನ್ನು ಇನ್ನೂ ಕಲಿಯುತ್ತಿದ್ದೇನೆ.